ಒಂದೇ ಅಚ್ಚು, ಊರಿಗೊಂದು ಮಾತು

ನಾಶಿಕ್ ಜಿಲ್ಲೆಯ ಮನ್ಮಾಡ್ ಜಂಕ್ಷನ್ನಿನಿಂದ ಹೊರಟ ಮೀಟರ್ ಗೇಜ್ ರೈಲುಮಾರ್ಗ 1900ರ ಹೊತ್ತಿಗೆ ಔರಂಗಾಬಾದನ್ನು ಮುಟ್ಟಿತು. ಅಲ್ಲಿಂದ ಮುಂದೆ ಜಾಲ್ನಾ, ನಾಂದೇಡ್ ಹಾದು ಸಿಕಂದರಾಬಾದಿಗೆ ಹೋಯಿತು. ಮನ್ಮಾಡ್ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಔರಂಗಾಬಾದ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರೈಲು ಗಡಿ ದಾಟಿದರೆ ಜೇಬಿನಲ್ಲಿದ್ದ ರೂಪಾಯಿಯ ಬೆಲೆ ಬದಲಾಗುತ್ತಿತ್ತು. ಈಚೆಗೆ ಬ್ರಿಟಿಷರ ‘ಕಲ್ದಾರ್’, ಎಂದರೆ ಯಂತ್ರದಲ್ಲಿ ಅಚ್ಚಾದದ್ದು. ಆಚೆಗೆ ನಿಜಾಮರ ‘ಹಾಲಿ ಸಿಕ್ಕಾ’. ಎರಡರ ಹೆಸರೂ ರೂಪಾಯಿ, ಎರಡಕ್ಕೂ ಹದಿನಾರು ಆಣೆ. ಆದರೆ ನೂರು ಕಲ್ದಾರ್ ಬೇಕೆಂದರೆ ಸುಮಾರು 116ರಿಂದ 117 ಹಾಲಿ ರೂಪಾಯಿ ಎಣಿಸಬೇಕಿತ್ತು. ಕಲಬುರಗಿ, ಬೀದರ್, ರಾಯಚೂರಿನ ಜನರಿಗೂ ಇದೇ ಲೆಕ್ಕ. ನಿಜಾಮರ ಕಾಗದದ ನೋಟುಗಳಲ್ಲಿ ಉರ್ದುವಿನ ಜೊತೆಗೆ ಕನ್ನಡ, ಮರಾಠಿ, ತೆಲುಗು ಲಿಪಿಗಳಲ್ಲೂ ಮೊತ್ತ ಬರೆದಿರುತ್ತಿತ್ತು. ಆ ಭಾಗದ ಹಿರಿಯರ ಮಾತಿನಲ್ಲಿ ಕಲ್ದಾರ್ ಎಂಬ ಪದ ಬಹಳ ಕಾಲ ಉಳಿದದ್ದು ಇದೇ ಕಾರಣಕ್ಕೆ.

ಕೈಗೆ ಬಂದ ವಸ್ತು ಯಾವ ಊರಿನದು, ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಆ ವಸ್ತುವೇ ಹೇಳಬೇಕೇ? ಹೇಳುವುದಾದರೆ ಯಾರಿಗೆ ಅರ್ಥವಾಗುವಂತೆ? ಇವತ್ತು ಈ ಪ್ರಶ್ನೆ ವೆಬ್‌ಸೈಟ್ ಕಟ್ಟುವವರ ಮುಂದೆ ದಿನವೂ ಬರುತ್ತದೆ. ವೆಬ್‌ಸೈಟಿನ ಪ್ರತಿ ಪುಟದ ಹಿಂದೆ ಟೆಂಪ್ಲೇಟ್ ಎಂಬ ಒಂದು ಅಚ್ಚು ಇರುತ್ತದೆ. ಅದೇ ಅಚ್ಚು ಮೊದಲು ಬರೆದವರ ಕಂಪ್ಯೂಟರಿನಲ್ಲಿ ಓಡುತ್ತದೆ, ಆಮೇಲೆ ಪರೀಕ್ಷೆಗೆಂದೇ ಇಟ್ಟ ಸರ್ವರಿನಲ್ಲಿ, ಕೊನೆಗೆ ಸಾರ್ವಜನಿಕರು ಬಳಸುವ ಸರ್ವರಿನಲ್ಲಿ. ಈ ತಾಣಗಳಿಗೆ ಡೆವಲಪ್‌ಮೆಂಟ್, ಸ್ಟೇಜಿಂಗ್, ಪ್ರೊಡಕ್ಷನ್ ಎಂಬ ಹೆಸರುಗಳಿವೆ. ಒಟ್ಟಾಗಿ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಪರೀಕ್ಷೆಯ ತಾಣದಲ್ಲಿ ಪುಟದ ನೆತ್ತಿಯ ಮೇಲೆ ‘ಇಲ್ಲಿ ಕಟ್ಟಿದ ಹಣ ನಿಜವಾದದ್ದಲ್ಲ’ ಎಂಬ ಪಟ್ಟಿ ಕಾಣಬೇಕು. ಸಾರ್ವಜನಿಕ ತಾಣದಲ್ಲಿ ಅದು ಕಾಣಬಾರದು. ಅದಕ್ಕಾಗಿ ಟೆಂಪ್ಲೇಟಿನಲ್ಲಿ ‘ಇಂಥ ಜಾಗದಲ್ಲಿದ್ದರೆ ಮಾತ್ರ ಇದನ್ನು ತೋರಿಸು’ ಎಂಬ ಷರತ್ತು ಬರೆಯುತ್ತಾರೆ. ಸಾಫ್ಟ್‌ವೇರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದೇ ಷರತ್ತನ್ನು ಲೋಹದ ಮೇಲೆ, ಕಾಗದದ ಮೇಲೆ ಬರೆದವರಿದ್ದರು. ಅದರ ಏಳು ನೂರು ವರ್ಷಗಳ ಚರಿತ್ರೆ ಸಂಭಾಜಿನಗರ ಮತ್ತು ನಾಶಿಕ್ ಎಂಬ ಎರಡು ನೆರೆಯ ಊರುಗಳ ಸುತ್ತ ಸಿಗುತ್ತದೆ.

ದೌಲತಾಬಾದಿನ ಹಿತ್ತಾಳೆ

ಸಂಭಾಜಿನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ದೌಲತಾಬಾದ್ ಕೋಟೆಯಿದೆ. ಯಾದವರ ಕಾಲದಲ್ಲಿ ಅದು ದೇವಗಿರಿ. ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ಅದನ್ನು ರಾಜಧಾನಿಯಾಗಿ ಮಾಡಿಕೊಂಡ. ಗಿರೀಶ್ ಕಾರ್ನಾಡರು 1964ರಲ್ಲಿ ಬರೆದ ನಾಟಕದ ಮೂಲಕ ಈ ಕತೆ ಕನ್ನಡಿಗರಿಗೆ ಪರಿಚಿತ. ಇಲ್ಲಿ ಮುಖ್ಯವಾದದ್ದು ಆತನ ಇನ್ನೊಂದು ಪ್ರಯೋಗ. 1330ರ ಆಸುಪಾಸಿನಲ್ಲಿ ಸುಲ್ತಾನ ಹಿತ್ತಾಳೆ ಮತ್ತು ತಾಮ್ರದ ನಾಣ್ಯಗಳನ್ನು ಹೊರಡಿಸಿ, ಇವಕ್ಕೆ ಬೆಳ್ಳಿಯ ಟಂಕದ ಬೆಲೆಯಿದೆ ಎಂದು ಸಾರಿದ. ದೆಹಲಿಯಲ್ಲಿ ಅಚ್ಚಾದವುಗಳ ಮೇಲೆ ದೆಹಲಿಯ ಹೆಸರು, ದೌಲತಾಬಾದಿನಲ್ಲಿ ಅಚ್ಚಾದವುಗಳ ಮೇಲೆ ದೌಲತಾಬಾದಿನ ಹೆಸರು. ಚೀನಾದಲ್ಲಿ ಯುವಾನ್ ಅರಸರು ಕಾಗದವನ್ನೇ ಹಣವಾಗಿ ನಡೆಸಿದ್ದರು. ಹಾಗಾಗಿ ಈ ಯೋಚನೆ ಆ ಕಾಲಕ್ಕೆ ತೀರಾ ಹುಚ್ಚಿನದೇನೂ ಅಲ್ಲ.

ಕೆಟ್ಟದ್ದು ಬೇರೆ ಕಡೆ. ನಾಣ್ಯದ ಬೆಲೆಯೆಲ್ಲ ಅದರ ಮೇಲಿನ ಬರಹದಲ್ಲಿತ್ತು. ಆ ಬರಹವನ್ನು ಯಾವ ಅಕ್ಕಸಾಲಿಗ ಬೇಕಾದರೂ ತನ್ನ ಮನೆಯಲ್ಲೇ ಒತ್ತಬಹುದಿತ್ತು. ಸರಕಾರದ ಟಂಕಸಾಲೆಯಿಂದ ಬಂದ ಹಿತ್ತಾಳೆಗೂ ಮನೆಯ ಕುಲುಮೆಯಿಂದ ಬಂದ ಹಿತ್ತಾಳೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತು ಎಂಬ ಅರ್ಥದಲ್ಲಿ ಆ ಕಾಲದ ಚರಿತ್ರೆಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ಎರಡು ಮೂರು ವರ್ಷಗಳಲ್ಲೇ ಸುಲ್ತಾನ ಪ್ರಯೋಗವನ್ನು ಕೈಬಿಟ್ಟು, ತಂದುಕೊಟ್ಟ ಹಿತ್ತಾಳೆಗೆ ಖಜಾನೆಯಿಂದ ಚಿನ್ನ ಬೆಳ್ಳಿ ಕೊಡಿಸಿದ. ತಾಣದ ಹೆಸರನ್ನು ಬರೆದರೆ ಸಾಲದು, ಆ ಹೆಸರನ್ನು ಬರೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೂ ಗಟ್ಟಿಯಾಗಿರಬೇಕು ಎಂಬ ಪಾಠ ಖಜಾನೆಗೆ ಬಹಳ ದುಬಾರಿಯಾಗಿ ಸಿಕ್ಕಿತು.

ಬದಲಾಗದ ಹೆಸರು

ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಎಂಬಲ್ಲಿ ಕಟ್ಟಿದ ಊರು 1653ರಲ್ಲಿ ಔರಂಗಾಬಾದ್ ಎನಿಸಿಕೊಂಡಿತು. ಮೊಘಲರ ನಾಣ್ಯಗಳಲ್ಲಿ ಅದಕ್ಕೆ ‘ಖುಜಿಸ್ತಾ ಬುನಿಯಾದ್’, ಶುಭವಾದ ಅಡಿಪಾಯ, ಎಂಬ ಬಿರುದಿನ ಹೆಸರು. ನಾಶಿಕ್‌ಗೆ ಮೊಘಲರಿಟ್ಟ ಹೆಸರು ಗುಲ್ಶನಾಬಾದ್. ಮೊಘಲ್ ರೂಪಾಯಿಯ ಒಂದು ಮುಖದಲ್ಲಿ ಬಾದಶಹನ ಹೆಸರು, ಇನ್ನೊಂದರಲ್ಲಿ ಆತ ಪಟ್ಟಕ್ಕೆ ಬಂದು ಎಷ್ಟನೆಯ ವರ್ಷ ಮತ್ತು ಟಂಕಸಾಲೆಯ ಊರು. ಕಾಬೂಲಿನಿಂದ ದಖ್ಖನಿನವರೆಗೆ ಇದೇ ಕ್ರಮ. ಊರಿನ ಹೆಸರು ಮತ್ತು ವರ್ಷ ಮಾತ್ರ ಆಯಾ ಜಾಗಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ತೂಕ ಕಡಿಮೆ ಬಂದರೆ, ಬೆಳ್ಳಿಯಲ್ಲಿ ಬೆರಕೆ ಇದ್ದರೆ ಯಾವ ಟಂಕಸಾಲೆಯನ್ನು ಹಿಡಿಯಬೇಕು ಎಂದು ಅದರಿಂದ ಗೊತ್ತಾಗುತ್ತಿತ್ತು.

ಹದಿನೆಂಟನೆಯ ಶತಮಾನದಲ್ಲಿ ಅಚ್ಚು ಹಾಗೇ ಉಳಿಯಿತು, ಅದರ ಹಿಂದಿನ ಸತ್ಯ ಬದಲಾಯಿತು. ನಾಶಿಕ್ ಸೀಮೆ ಮರಾಠರ ಆಳ್ವಿಕೆಗೆ ಬಂದಿತ್ತು. ಆದರೂ ಅಲ್ಲಿ ಹೊರಟ ರೂಪಾಯಿಗಳ ಮೇಲೆ ಗುಲ್ಶನಾಬಾದಿನ ಹೆಸರು, ದೆಹಲಿಯ ಬಾದಶಹ ಎರಡನೆಯ ಶಾ ಆಲಂನ ಹೆಸರು. ಜನ ನಂಬಿದ ರೂಪವನ್ನು ಕೆಡಿಸುವುದು ಯಾರಿಗೂ ಬೇಕಿರಲಿಲ್ಲ. ನಾಣ್ಯವನ್ನು ನಿಜವಾಗಿ ಹೊರಡಿಸಿದವರು ಯಾರೆಂದು ಮೂಲೆಯ ಒಂದು ಪುಟ್ಟ ಗುರುತಿನಿಂದ ಹೇಳಬಹುದಿತ್ತು. ಆ ಗುರುತನ್ನು ಓದಬಲ್ಲವನು ಸರಾಫ. ಸಂತೆಗೆ ಬಂದ ರೈತನಿಗೆ ಎಲ್ಲವೂ ಒಂದೇ ಬೆಳ್ಳಿ. ಸರಾಫ ಗುರುತು ನೋಡಿ ಬಟ್ಟಾ ಮುರಿದುಕೊಂಡಾಗಲೇ ಅವನಿಗೆ ವ್ಯತ್ಯಾಸ ತಿಳಿಯುತ್ತಿದ್ದದ್ದು.

ಬಂಗಾಳದಲ್ಲಿ ಬಟ್ಟಾ ವರ್ಷದ ಲೆಕ್ಕದಲ್ಲಿತ್ತು. ಹೊಸ ವರ್ಷದ ಸಿಕ್ಕಾ ರೂಪಾಯಿಗೆ ಪೂರ್ತಿ ಬೆಲೆ, ಹಳೆಯ ವರ್ಷದ್ದಕ್ಕೆ ಕಡಿತ. ಬೆಳ್ಳಿ ಮಾತ್ರ ಅಷ್ಟೇ. ನಾಣ್ಯ ಸತ್ಯವನ್ನೇ ಹೇಳುತ್ತಿತ್ತು, ಆ ಸತ್ಯದಿಂದ ಬಡವನಿಗೆ ನಷ್ಟ, ಮಧ್ಯವರ್ತಿಗೆ ಲಾಭ. ಇದನ್ನು ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ ಒಂದು ಉಪಾಯ ಮಾಡಿತು. ಕಲ್ಕತ್ತೆಯಲ್ಲಿ ಅಚ್ಚು ಹಾಕಿದರೂ ‘ಮುರ್ಷಿದಾಬಾದ್’ ಎಂದೇ ಬರೆಯುವುದು, ಯಾವ ವರ್ಷವಾದರೂ ಶಾ ಆಲಂನ 19ನೆಯ ವರ್ಷ ಎಂದೇ ಬರೆಯುವುದು. ಶಾ ಆಲಂ 1806ರಲ್ಲಿ ತೀರಿಕೊಂಡ ಮೇಲೂ ಆತನ 19ನೆಯ ವರ್ಷದ ರೂಪಾಯಿ ಬರುತ್ತಲೇ ಇತ್ತು. ಬದಲಾಗಬೇಕಾದ ಜಾಗದಲ್ಲಿ ಬದಲಾಗದ ಬೆಲೆಯನ್ನು ನೇರವಾಗಿ ಬರೆದಿಟ್ಟು ಕೆಲಸ ಸಾಗಿಸುವುದನ್ನು ಇಂದಿನ ಪ್ರೋಗ್ರಾಮರುಗಳು ಹಾರ್ಡ್‌ಕೋಡ್ ಮಾಡುವುದು ಎನ್ನುತ್ತಾರೆ. ಬಟ್ಟಾದ ಒಂದು ಕಾಟ ತಗ್ಗಿತು. ನಾಣ್ಯ ನೋಡಿ ಊರು, ಕಾಲ ತಿಳಿಯುವ ದಾರಿ ಮುಚ್ಚಿತು. 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ರೂಪಾಯಿ ಬಂದ ಮೇಲೆ ಈ ವೇಷ ಕಳಚಿತು. ಅಂದಿನಿಂದ ಕಲ್ದಾರ್ ಮತ್ತು ಸಂಸ್ಥಾನಗಳ ಸಿಕ್ಕಾ ಎಂಬ ಎರಡು ಪಂಗಡಗಳು ಉಳಿದವು.

ನಾಶಿಕ್ ರೋಡಿನ ಅಚ್ಚುಕೂಟ

1920ರ ದಶಕದ ನಡುವಿನವರೆಗೆ ಭಾರತದ ಅಂಚೆಚೀಟಿಗಳು ಲಂಡನ್ನಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ನಾಶಿಕ್ ರೋಡಿನಲ್ಲಿ ಸೆಕ್ಯೂರಿಟಿ ಪ್ರೆಸ್ ಶುರುವಾದ ಮೇಲೆ ಆ ಕೆಲಸ ಇಲ್ಲಿಗೆ ಬಂತು. 1928ರಲ್ಲಿ ನೋಟು ಮುದ್ರಣವೂ ಆರಂಭವಾಯಿತು. 1932ರ ಹೊತ್ತಿಗೆ ಭಾರತದ ಎಲ್ಲ ಮೊತ್ತದ ನೋಟುಗಳೂ ನಾಶಿಕ್‌ನಲ್ಲೇ ಅಚ್ಚಾಗುತ್ತಿದ್ದವು. ಒಂದೇ ಅಚ್ಚಿನಿಂದ ಹಲವು ಊರುಗಳಿಗೆ ಬೇರೆ ಬೇರೆ ಮಾತು ಹೇಳಿಸುವ ಕೆಲಸದ ದೊಡ್ಡ ಅಧ್ಯಾಯ ಇಲ್ಲಿಂದ ಶುರು.

ಮೊದಲನೆಯದು ಅಂಚೆಚೀಟಿ. ಪಟಿಯಾಲ, ಗ್ವಾಲಿಯರ್, ಜೀಂದ್, ನಾಭಾ, ಚಂಬಾ, ಫರೀದ್‌ಕೋಟ್ ಸಂಸ್ಥಾನಗಳು 1880ರ ದಶಕದಲ್ಲಿ ಬ್ರಿಟಿಷ್ ಭಾರತದ ಅಂಚೆಯ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಚೀಟಿ ಭಾರತದ್ದೇ, ರಾಜನ ಚಿತ್ರ ಅದೇ. ಮೇಲೆ ಸಂಸ್ಥಾನದ ಹೆಸರನ್ನು ಎರಡನೆಯ ಸಲ ಒತ್ತುವುದು. ಇದಕ್ಕೆ ಓವರ್‌ಪ್ರಿಂಟ್ ಎಂದು ಹೆಸರು. ಕಚೇರಿ ಬಳಕೆಯ ಚೀಟಿಯಾದರೆ ‘ಸರ್ವಿಸ್’ ಎಂಬ ಪದವೂ ಸೇರಬೇಕು. ಹೀಗೆ ಪ್ರತಿ ಸಂಸ್ಥಾನಕ್ಕೆ, ಪ್ರತಿ ಮೊತ್ತಕ್ಕೆ, ಸಾಮಾನ್ಯ ಮತ್ತು ಕಚೇರಿ ಎಂಬ ಎರಡು ಬಗೆಗೆ ಬೇರೆ ಬೇರೆ ದಾಸ್ತಾನು ಇಡಬೇಕಿತ್ತು. ಕುವೈತ್‌ಗೆ, 1933ರಿಂದ ಬಹರೈನ್‌ಗೆ ಹೋಗುವ ಚೀಟಿಗಳೂ ಭಾರತದವೇ, ಮೇಲೆ ಆ ನಾಡಿನ ಹೆಸರು. ಹೈದರಾಬಾದ್ ಈ ಗುಂಪಿಗೆ ಸೇರದೆ ತನ್ನದೇ ಚೀಟಿ ಇಟ್ಟುಕೊಂಡಿತ್ತು. 1931ರ ಅದರ ಒಂದು ರೂಪಾಯಿ ಚೀಟಿಯ ಮೇಲೆ ದೌಲತಾಬಾದಿನ ಗೋಪುರವಿತ್ತು, ಹನ್ನೆರಡಾಣೆಯದರ ಮೇಲೆ ಬೀದರಿನ ಮದರಸಾ.

ಎರಡನೆಯದು ಬರ್ಮಾ. 1937ರ ಏಪ್ರಿಲ್ 1ರಂದು ಬರ್ಮಾ ಭಾರತದ ಆಡಳಿತದಿಂದ ಬೇರೆಯಾಯಿತು. ಅದಕ್ಕೆಂದು ಭಾರತದ ನೋಟುಗಳ ಮೇಲೆ ‘ಬರ್ಮಾದಲ್ಲಿ ಮಾತ್ರ ಕಾನೂನಿನ ಮಾನ್ಯತೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕೆಂಪು ಮಸಿಯಲ್ಲಿ ಬಂತು. ಯುದ್ಧ ಮುಗಿದ ಮೇಲೆ ರಿಸರ್ವ್ ಬ್ಯಾಂಕಿನ ನೋಟುಗಳು ಮೊದಲು ಬರ್ಮಾದ ಸೈನಿಕ ಆಡಳಿತದ ಹೆಸರು ಹೊತ್ತು, ಆಮೇಲೆ ಬರ್ಮಾ ಕರೆನ್ಸಿ ಬೋರ್ಡಿನ ಹೆಸರು ಹೊತ್ತು ಅಲ್ಲಿಗೆ ಹೋದವು. ಹತ್ತು ವರ್ಷದಲ್ಲಿ ಮೂರು ಆಡಳಿತ, ಮೂರು ಬರಹ. ‘ಮಾತ್ರ’ ಎಂಬ ಪದ ಎಲ್ಲಕ್ಕೂ ಸಾಮಾನ್ಯ.

ಮೂರನೆಯದು 1947. ಪಾಕಿಸ್ತಾನಕ್ಕೆ ಆಗ ತನ್ನದೇ ನೋಟು ಮುದ್ರಣಾಲಯವಿರಲಿಲ್ಲ. 1947ರ ಅಕ್ಟೋಬರ್ 1ಕ್ಕೆ ಬಂದ ಅದರ ಮೊದಲ ಅಂಚೆಚೀಟಿಗಳು ಆರನೆಯ ಜಾರ್ಜ್ ಚಿತ್ರದ ಭಾರತದ ಚೀಟಿಗಳೇ. ಮೇಲೆ ‘ಪಾಕಿಸ್ತಾನ್’ ಎಂದು ಒತ್ತಿದ್ದು ನಾಶಿಕ್‌ನಲ್ಲಿ. ಅದು ತಲುಪದ ಕಡೆ ಊರೂರಿನ ಅಂಚೆ ಕಚೇರಿಗಳು ರಬ್ಬರ್ ಮುದ್ರೆಯಲ್ಲಿ ತಾವೇ ಒತ್ತಿಕೊಂಡವು. ನೋಟಿನ ವಿಷಯ ಇನ್ನೂ ಸೂಕ್ಷ್ಮ. ಒಂದಷ್ಟು ಕಾಲ ಎರಡೂ ದೇಶಗಳಿಗೆ ರಿಸರ್ವ್ ಬ್ಯಾಂಕೇ ಇರಲಿ ಎಂದು ಒಪ್ಪಂದವಾಗಿತ್ತು. 1948ರ ಏಪ್ರಿಲ್‌ನಿಂದ ಪಾಕಿಸ್ತಾನಕ್ಕೆ ಹೋದ ರೂಪಾಯಿ ನೋಟುಗಳಲ್ಲಿ ಭಾರತದ ವಿನ್ಯಾಸದ ಮೇಲೆಯೇ ಇಂಗ್ಲಿಷಿನಲ್ಲಿ ಪಾಕಿಸ್ತಾನ ಸರಕಾರ ಎಂದೂ, ಉರ್ದುವಿನಲ್ಲಿ ಹುಕೂಮತ್-ಎ-ಪಾಕಿಸ್ತಾನ್ ಎಂದೂ ಬಂತು. ಜುಲೈ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಶುರುವಾಯಿತು.

ಆ ಎರಡು ಸಾಲು ಸಾಲದ ಹೊಣೆಯನ್ನೂ ಹಂಚಿತು. ನೋಟೆಂದರೆ ಅದನ್ನು ಹೊರಡಿಸಿದವರು ತೀರಿಸಬೇಕಾದ ಸಾಲದ ಚೀಟಿ. ಪಾಕಿಸ್ತಾನದ ಬರಹ ಇರುವ ನೋಟಿನ ಹೊಣೆ ಪಾಕಿಸ್ತಾನದ್ದು. ಬರಹವಿಲ್ಲದ ನೋಟು ಲಾಹೋರಿನಲ್ಲಿದ್ದರೂ ಢಾಕಾದಲ್ಲಿದ್ದರೂ ಭಾರತದ್ದು. ಅಂಥ ನೋಟುಗಳನ್ನು ಅಲ್ಲಿ ಸಂಗ್ರಹಿಸಿ ಹಿಂದಿರುಗಿಸಿದರೆ ಅದಕ್ಕೆ ತಕ್ಕ ಆಸ್ತಿಯನ್ನು ಭಾರತ ಕೊಡಬೇಕು. ಗುರುತು ಇಲ್ಲದಿದ್ದರೆ ಏನೆಂದು ತಿಳಿಯಬೇಕು ಎಂಬ ನಿಯಮದ ಮೇಲೆ ಕೋಟ್ಯಂತರ ರೂಪಾಯಿ ನಿಂತಿತ್ತು.

ನಾಲ್ಕನೆಯದು ಕೊಲ್ಲಿ. 1950ರ ದಶಕದಲ್ಲಿ ಕುವೈತ್, ಬಹರೈನ್, ಕತಾರ್, ಇಂದಿನ ಯುಎಇ ಮತ್ತು ಒಮಾನಿನ ಭಾಗಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಕೊಲ್ಲಿಯಿಂದ ಕಳ್ಳಸಾಗಣೆಯ ಚಿನ್ನ ಮುಂಬಯಿಗೆ ಬರುತ್ತಿತ್ತು, ಅದರ ಬೆಲೆಯಾಗಿ ರೂಪಾಯಿ ನೋಟು ಕೊಲ್ಲಿಗೆ ಹೋಗುತ್ತಿತ್ತು. ಅಲ್ಲಿನ ಬ್ಯಾಂಕುಗಳು ಆ ನೋಟುಗಳನ್ನು ಭಾರತಕ್ಕೆ ಕಳಿಸಿ ಸ್ಟರ್ಲಿಂಗ್ ಪಡೆಯುತ್ತಿದ್ದವು. ವಿದೇಶಿ ವಿನಿಮಯ ಸೋರುತ್ತಿತ್ತು. ಬಂದ ನೋಟು ಕೊಲ್ಲಿಯ ಸಂಬಳದ್ದೋ ಕಳ್ಳ ಚಿನ್ನದ್ದೋ ಎಂದು ಹೇಳಲು ಬರುತ್ತಿರಲಿಲ್ಲ, ಏಕೆಂದರೆ ಎರಡೂ ಕಡೆ ನೋಟಿನ ಮುಖ ಒಂದೇ. 1959ರಲ್ಲಿ ಕಾಯ್ದೆ ತಿದ್ದಿ ಕೊಲ್ಲಿಗೇ ಬೇರೆ ನೋಟು ತಂದರು. ವಿನ್ಯಾಸ ಬಹುತೇಕ ಅದೇ, ಬಣ್ಣ ಬೇರೆ, ಸಂಖ್ಯೆಯ ಮುಂದೆ ‘ಝಡ್’ ಅಕ್ಷರ. ಹಜ್ ಯಾತ್ರಿಕರಿಗೆ ಹತ್ತು ಮತ್ತು ನೂರು ರೂಪಾಯಿಯ ಪ್ರತ್ಯೇಕ ನೋಟುಗಳು ಬಂದವು. ಅವುಗಳ ಸಂಖ್ಯೆಯ ಮುಂದೆ ‘ಎಚ್‌ಎ’. ಅಲ್ಲಿಂದ ಮುಂದೆ ಸಾಮಾನ್ಯ ನೋಟನ್ನು ಕೊಲ್ಲಿಯಿಂದ ತಂದು ಸ್ಟರ್ಲಿಂಗ್ ಕೇಳುವ ದಾರಿ ಮುಚ್ಚಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ಹಣ ತಂದವು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಉಳಿದವೂ ಒಂದೊಂದಾಗಿ ಬಿಟ್ಟವು. ಒಮಾನ್ 1970ರವರೆಗೆ ಉಳಿಸಿಕೊಂಡಿತ್ತು.

ಪರದೆಯ ಮೇಲಿನ ಓವರ್‌ಪ್ರಿಂಟ್

ವೆಬ್ ಟೆಂಪ್ಲೇಟಿನ ಷರತ್ತು ಮಾಡುವ ಕೆಲಸವೂ ಇದೇ. ಲಾರಾವೆಲ್ ಎಂಬ ಚೌಕಟ್ಟಿನಲ್ಲಿ ಇದಕ್ಕೆಂದೇ ‘ಪ್ರೊಡಕ್ಷನ್’, ‘ಎನ್ವ್’ ಎಂಬ ಸೂಚನೆಗಳಿವೆ. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ‘ಎನ್ವಿರಾನ್‌ಮೆಂಟ್’ ಎಂಬ ಟ್ಯಾಗ್ ಇದೆ. ಅದರೊಳಗೆ ಬರೆದದ್ದು ಹೆಸರಿಸಿದ ತಾಣದಲ್ಲಿ ಮಾತ್ರ ಪುಟಕ್ಕೆ ಸೇರುತ್ತದೆ. ಷರತ್ತು ಸರ್ವರಿನಲ್ಲೇ ತೀರ್ಮಾನವಾಗುವುದರಿಂದ ಬೇಡದ ಭಾಗ ಓದುಗರ ಬ್ರೌಸರನ್ನು ಮುಟ್ಟುವುದೇ ಇಲ್ಲ. ಎಲ್ಲವನ್ನೂ ಕಳಿಸಿ ಬ್ರೌಸರಿನಲ್ಲಿ ಮರೆಮಾಡಿದರೆ, ಕೆದಕಿ ನೋಡುವವರಿಗೆ ಅದು ಕಾಣುತ್ತದೆ. ತಾಣದ ಹೆಸರನ್ನು ಟೆಂಪ್ಲೇಟಿನೊಳಗೆ ಬರೆಯುವುದಿಲ್ಲ. ಸರ್ವರು ತನ್ನ ಸೆಟ್ಟಿಂಗಿನಿಂದ ಒದಗಿಸುತ್ತದೆ. ಮನೆಯಲ್ಲಿ ಹಿತ್ತಾಳೆ ಒತ್ತಿದಂತೆ ಪುಟವೇ ತನ್ನ ತಾಣವನ್ನು ಸಾರಿಕೊಳ್ಳಲು ಬಿಡಬಾರದು.

ಗುರುತಿಲ್ಲದ ನೋಟು ಯಾರದು ಎಂಬ 1948ರ ಪ್ರಶ್ನೆಯೂ ಇಲ್ಲಿ ಹಾಗೇ ಇದೆ. ಸರ್ವರಿನಲ್ಲಿ ತಾಣದ ಹೆಸರು ಬರೆಯಲು ಮರೆತರೆ ಏನೆಂದು ತಿಳಿಯಬೇಕು? ಎಎಸ್‌ಪಿ ಡಾಟ್ ನೆಟ್ ಕೋರ್ ಅದನ್ನು ಪ್ರೊಡಕ್ಷನ್ ಎಂದೇ ಹಿಡಿಯುತ್ತದೆ. ಲಾರಾವೆಲ್‌ನ ಮೂಲ ಸೆಟ್ಟಿಂಗ್ ಕೂಡ ಹಾಗೆಯೇ. ರೂಬಿ ಆನ್ ರೈಲ್ಸ್ ಡೆವಲಪ್‌ಮೆಂಟ್ ಎಂದು ಹಿಡಿಯುತ್ತದೆ. ಮೊದಲನೆಯದು ಮರೆವನ್ನು ಲೆಕ್ಕಕ್ಕೆ ತೆಗೆದುಕೊಂಡ ನಿಯಮ: ಮರೆತರೆ ಒಳಗಿನ ವಿವರಗಳು ಹೊರಗೆ ಕಾಣುವುದಿಲ್ಲ. ಎರಡನೆಯದು ಕಲಿಯುವವರಿಗೆ, ಕಟ್ಟುವವರಿಗೆ ಸುಲಭ. ಸಾರ್ವಜನಿಕ ಸರ್ವರಿನಲ್ಲಿ ಮರೆತರೆ ತಪ್ಪು ನಡೆದಾಗ ಕೋಡಿನ ಸಾಲುಗಳೇ ಅಪರಿಚಿತರ ಮುಂದೆ ತೆರೆದುಕೊಳ್ಳುತ್ತವೆ.

ಆರು ಸಂಸ್ಥಾನಗಳ ದಾಸ್ತಾನಿನ ತೊಡಕೂ ಮರಳಿ ಬಂದಿದೆ. ತಾಣಗಳು ಮೂರರಿಂದ ಹತ್ತಾದಾಗ ಪ್ರತಿ ಟೆಂಪ್ಲೇಟಿನಲ್ಲೂ ಹತ್ತು ಹೆಸರಿನ ಷರತ್ತು ಬರೆಯಬೇಕಾಗುತ್ತದೆ. ಹೆರೋಕು ಕಂಪನಿಯ ಎಂಜಿನಿಯರುಗಳು ರೂಪಿಸಿದ ‘ಟ್ವೆಲ್ವ್ ಫ್ಯಾಕ್ಟರ್’ ಸೂತ್ರಗಳು ಇದನ್ನೇ ಎಚ್ಚರಿಸುತ್ತವೆ. ಸೆಟ್ಟಿಂಗುಗಳನ್ನು ತಾಣದ ಹೆಸರಿನ ಕಟ್ಟಿಗೆ ಸೇರಿಸದೆ ಪ್ರತಿಯೊಂದನ್ನೂ ಬಿಡಿಯಾಗಿ ಇಡಿ ಎಂಬುದು ಅವುಗಳ ಸಲಹೆ. ‘ಇದು ಸ್ಟೇಜಿಂಗ್ ತಾಣವೇ’ ಎಂದು ಕೇಳುವ ಬದಲು ‘ಇಲ್ಲಿ ಹಣ ನಿಜವಾಗಿ ಕಡಿತವಾಗುತ್ತದೆಯೇ’ ಎಂದು ಟೆಂಪ್ಲೇಟ್ ಕೇಳುವಂತಿದ್ದರೆ, ನಾಳೆ ಹೊಸ ತಾಣ ಬಂದರೂ ಉತ್ತರ ಸರಿಯಾಗೇ ಇರುತ್ತದೆ.

ಗುರುತನ್ನೇ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹವಾಯಿ ಒಂದು ಸಾಕ್ಷಿ. 2018ರ ಜನವರಿ 13ರ ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಕ್ಷಿಪಣಿ ಬರುತ್ತಿದೆ, ಆಶ್ರಯ ಪಡೆಯಿರಿ ಎಂಬ ಸಂದೇಶ ಆ ದ್ವೀಪಗಳ ಜನರ ಫೋನುಗಳಿಗೆ ಹೋಯಿತು. ಅದು ಸುಳ್ಳು ಎಂಬ ತಿದ್ದುಪಡಿ ಅದೇ ದಾರಿಯಲ್ಲಿ ತಲುಪಲು 38 ನಿಮಿಷ ಬೇಕಾಯಿತು. ಅಂದು ನಡೆದದ್ದು ಒಂದು ಅಭ್ಯಾಸ. ಅದನ್ನು ನಿಜವೆಂದು ನಂಬಿದ ಸಿಬ್ಬಂದಿ ನಿಜವಾದ ಸಂದೇಶವನ್ನೇ ಕಳಿಸಿದ. ತನಿಖೆ ಮಾಡಿದ ಅಮೆರಿಕದ ಸಂಪರ್ಕ ಆಯೋಗ ಹಲವು ಲೋಪಗಳನ್ನು ಪಟ್ಟಿ ಮಾಡಿತು. ಅದರಲ್ಲೊಂದು ಪರದೆಯ ಮೇಲಿನ ಒಂದು ವಾಕ್ಯ. ‘ಕಳಿಸುವುದು ಖಚಿತವೇ’ ಎಂದು ಕೇಳುವ ಆ ಪ್ರಶ್ನೆ ಪರೀಕ್ಷೆಯ ಸಂದೇಶಕ್ಕೂ ನಿಜವಾದ ಸಂದೇಶಕ್ಕೂ ಒಂದೇ ಆಗಿತ್ತು. ಇದು ಅಭ್ಯಾಸವಲ್ಲ, ಎಲ್ಲರ ಫೋನಿಗೂ ಹೋಗುತ್ತದೆ ಎಂಬ ಮಾತು ಆ ಅಚ್ಚಿನಲ್ಲಿ ಇರಲಿಲ್ಲ.

ತಾಣದ ಗುರುತನ್ನು ಹಾಕುವುದು ಸಾಮಾನ್ಯವಾಗಿ ಅಚ್ಚಿನ ಒಡೆಯ ತನ್ನ ಅನುಕೂಲಕ್ಕೆ. ಟಂಕಸಾಲೆಯ ಲೆಕ್ಕಕ್ಕೆ, ಬ್ಯಾಂಕಿನ ಹೊಣೆಗೆ, ಪ್ರೋಗ್ರಾಮರನ ಪರೀಕ್ಷೆಗೆ. ಅದು ಬೇಕೇ ಬೇಕು. ಆದರೆ ಮೂಲೆಯ ಪುಟ್ಟ ಗುರುತು ಸರಾಫನಿಗೆ ಮಾತ್ರ ಅರ್ಥವಾದ ಕಾಲದಲ್ಲಿ ಬಟ್ಟಾ ತೆತ್ತವನು ರೈತ. ಬರ್ಮಾದ ನೋಟಿನ ಕೆಂಪು ಸಾಲು ಇಂಗ್ಲಿಷಿನಲ್ಲಿದ್ದರೂ ಅದರ ಬಣ್ಣ ಅಕ್ಷರ ಬಾರದವನಿಗೂ ಕಾಣುತ್ತಿತ್ತು. ನಿಜಾಮರ ನೋಟು ಕಲಬುರಗಿಯ ವ್ಯಾಪಾರಿಗೆ ಕನ್ನಡದಲ್ಲೇ ತನ್ನ ಮೊತ್ತ ಹೇಳುತ್ತಿತ್ತು. ಹಣ ಕಟ್ಟುವ ಪುಟದ ಪರೀಕ್ಷಾ ರೂಪವನ್ನು ಅಪ್ಪಿತಪ್ಪಿ ತೆರೆದ ಒಬ್ಬ ಪಿಂಚಣಿದಾರನಿಗೆ, ಇದು ನಿಜವಾದ ತಾಣವಲ್ಲ ಎಂದು ಅವನ ಭಾಷೆಯಲ್ಲಿ, ಅವನ ಕಣ್ಣಿಗೆ ಕಾಣುವ ಗಾತ್ರದಲ್ಲಿ ಹೇಳುವ ಪಟ್ಟಿಗೆ ಬೇಕಾದದ್ದು ಟೆಂಪ್ಲೇಟಿನಲ್ಲಿ ಎರಡು ಮೂರು ಸಾಲು. ನಾಶಿಕ್‌ನ ಕೆಲಸಗಾರರು ಇಷ್ಟು ಹೇಳುವುದಕ್ಕೇ ಒಂದೊಂದು ಹಾಳೆಯನ್ನೂ ಇನ್ನೊಂದು ಸಲ ಯಂತ್ರಕ್ಕೆ ಕೊಡಬೇಕಿತ್ತು.